ಹತ್ತನೇ ಕ್ಲಾಸಿನಲ್ಲಿ ಬಿಟ್ಟುಹೋದವರನ್ನು ಹುಡುಕಿಕೊಂಡು ಹೋಗುವವರು ಯಾರು?

ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿಗೆ ಅರ್ಜಿ ಹಾಕಲು ಡಿಗ್ರಿ ಬೇಕು, ಇಲ್ಲವೇ ಡಿಪ್ಲೊಮಾ ಬೇಕು. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದಿದ್ದರೆ ಡಿಗ್ರಿ ಮುಗಿಸಿದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ. ಹೆಚ್ಚೆಂದರೆ ಎರಡು ವರ್ಷ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾದ ಈ ಯೋಜನೆಯಿಂದ ಓದಿ ಕೆಲಸ ಹುಡುಕುತ್ತಿರುವವರಿಗೆ ಉಪಕಾರವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ಮ್ಯಾಥ್ಸ್ ಉಳಿಸಿಕೊಂಡು ಮನೆಯಲ್ಲಿ ಕೂತ ಹುಡುಗನಿಗೆ, ಪಿಯುಸಿ ಅರ್ಧಕ್ಕೇ ಬಿಟ್ಟ ಹುಡುಗಿಗೆ ಆ ಅರ್ಜಿಯಲ್ಲಿ ಜಾಗವೇ ಇಲ್ಲ. ಕೇಂದ್ರ ಸರ್ಕಾರ 2024ರಲ್ಲಿ ತಂದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯೂ ಹಾಗೆಯೇ. ಶುರುವಾದಾಗ ಅದಕ್ಕಿದ್ದ ನಿಯಮ, ವಯಸ್ಸು 21ರಿಂದ 24 ಇರಬೇಕು, ಕನಿಷ್ಠ ಹತ್ತನೇ ತರಗತಿ ಪಾಸಾಗಿರಬೇಕು.

ನಮ್ಮಲ್ಲಿ ಯುವಜನರಿಗೆ ಸಿಗುವ ನೆರವು ಸರ್ಟಿಫಿಕೇಟು ಕೈಗೆ ಬಂದ ಮೇಲೆ ಶುರುವಾಗುತ್ತದೆ. ಅದಕ್ಕೂ ಮೊದಲೇ ದಾರಿ ತಪ್ಪಿದವರು ಯಾರ ಪಟ್ಟಿಯಲ್ಲೂ ಇಲ್ಲ. ಓದಿಗೋ ಕೆಲಸಕ್ಕೋ ಅವರನ್ನು ವಾಪಸ್ ತರಬೇಕು ಎಂದಾಗಲೆಲ್ಲ ಹೊಸ ಕೋರ್ಸು, ಹೊಸ ಪೋರ್ಟಲ್, ಹೊಸ ಕೌಶಲ ಕೇಂದ್ರದ ಮಾತು ಬರುತ್ತದೆ. ನನ್ನ ಪ್ರಕಾರ ಕೊರತೆ ಇರುವುದು ಬೇರೆ ಕಡೆ. ಅವರ ಮನೆ ಬಾಗಿಲಿಗೆ ಹೋಗಿ, ಹೆಸರು ಹಿಡಿದು ಕರೆದು, ಒಂದೆರಡು ವರ್ಷ ಜೊತೆಗಿರುವ ಒಬ್ಬ ಮನುಷ್ಯ ಈ ವ್ಯವಸ್ಥೆಯಲ್ಲಿ ಇಲ್ಲ.

ಇವರು ಯಾರು ಅಂತ ಮೊದಲು ನೋಡೋಣ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆ ಸೇರಿ 2024ರಲ್ಲಿ ಭಾರತದ ಉದ್ಯೋಗ ವರದಿ ಹೊರತಂದವು. 2022ರ ಲೆಕ್ಕದ ಪ್ರಕಾರ ಓದು, ಕೆಲಸ, ತರಬೇತಿ ಈ ಮೂರರಲ್ಲಿ ಯಾವುದರಲ್ಲೂ ಇಲ್ಲದ ಯುವಕರು ಶೇ 9.8. ಯುವತಿಯರಲ್ಲಿ ಈ ಪ್ರಮಾಣ ಶೇ 48.4. ಹತ್ತಿರ ಹತ್ತಿರ ಐದು ಪಟ್ಟು! 'ನಿರುದ್ಯೋಗಿ ಯುವಕ' ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಬಸ್‌ಸ್ಟ್ಯಾಂಡಿನ ಕಟ್ಟೆ ಮೇಲೆ ಮೊಬೈಲ್ ನೋಡುತ್ತಾ ಕೂತ ಹುಡುಗ. ಲೆಕ್ಕದಲ್ಲಿ ಜಾಸ್ತಿ ಇರುವುದು ಮನೆಯೊಳಗೆ ಅಡುಗೆ ಮಾಡುತ್ತಾ, ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಾ ಇರುವ ಹುಡುಗಿಯರು. ಅವರು ಸುಮ್ನೆ ಕೂತಿಲ್ಲ, ದಿನವಿಡೀ ದುಡಿಯುತ್ತಾರೆ. ಆ ದುಡಿಮೆಗೆ ಸಂಬಳವೂ ಇಲ್ಲ, ಅದರಿಂದ ಮುಂದಕ್ಕೆ ಹೋಗುವ ದಾರಿಯೂ ಇಲ್ಲ.

ಹುಡುಗರ ಲೆಕ್ಕದಲ್ಲೂ ಒಂದು ಸಮಸ್ಯೆ ಇದೆ. ಶೇ 9.8 ಎಂಬುದು ಕಡಿಮೆ ಅನ್ನಿಸಬಹುದು. ಸೆಂಟ್ರಿಂಗ್ ಕೆಲಸಕ್ಕೆ ವಾರಕ್ಕೆ ಮೂರು ದಿನ ಹೋಗುವ ಹುಡುಗ ಸಮೀಕ್ಷೆಯಲ್ಲಿ 'ಕೆಲಸದಲ್ಲಿದ್ದಾನೆ' ಎಂದೇ ದಾಖಲಾಗುತ್ತಾನೆ. ಊಟ ತಲುಪಿಸುವ ಆ್ಯಪಿನಲ್ಲಿ ಬೈಕ್ ಓಡಿಸುವವನೂ ಅಷ್ಟೇ. ಇಂಥವರ ಸಾಮಾಜಿಕ ಭದ್ರತೆಗೆಂದು ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿತು, ಒಳ್ಳೆಯ ಹೆಜ್ಜೆ. ಆದರೆ ಹದಿನೇಳಕ್ಕೆ ಓದು ಬಿಟ್ಟವನು ಇಪ್ಪತ್ತೇಳರಲ್ಲೂ ಅದೇ ಕೂಲಿ, ಅದೇ ಬೈಕಿನಲ್ಲಿ ಇದ್ದರೆ ಅವನನ್ನು ನೆಲೆ ಕಂಡವನು ಎಂದು ಹೇಗೆ ಹೇಳುವುದು?

ಕಾನೂನು ಕೈ ಬಿಡುವುದೂ ಈ ಹದಿಹರೆಯದಲ್ಲೇ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ. ಆ ವಯಸ್ಸಿನ ಮಕ್ಕಳ ವಿಷಯದಲ್ಲಿ ಕರ್ನಾಟಕ ಸಾಕಷ್ಟು ಕೆಲಸ ಮಾಡಿದೆ. ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಹೈಕೋರ್ಟ್ 2013ರಲ್ಲಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಅದರ ಬೆನ್ನಿಗೇ, ಸತತ ಏಳು ದಿನ ಶಾಲೆಗೆ ಬಾರದ ಮಗುವನ್ನು ಹೊರಗುಳಿದ ಮಗು ಎಂದು ನೋಡುವ ನಿಯಮ ಬಂತು. ಬೇಸಿಗೆಯ 'ಚಿಣ್ಣರ ಅಂಗಳ' ಶಿಬಿರಗಳ ಮೂಲಕ ಶಾಲೆ ಬಿಟ್ಟ ಮಕ್ಕಳನ್ನು ತಯಾರು ಮಾಡಿ ವಾಪಸ್ ಕ್ಲಾಸಿಗೆ ಕಳಿಸಿದ ಅನುಭವವೂ ನಮ್ಮ ಇಲಾಖೆಗೆ ಇದೆ. ವಿದ್ಯಾರ್ಥಿಗಳ ದಾಖಲೆ ಇಡುವ ಸ್ಯಾಟ್ಸ್ ವ್ಯವಸ್ಥೆಯಲ್ಲಿ ಪ್ರತಿ ಮಗುವಿಗೂ ಒಂದು ನಂಬರ್ ಇದೆ. ಯಾವ ಶಾಲೆಯಲ್ಲಿ, ಯಾವ ಕ್ಲಾಸಿನಲ್ಲಿ ಇದ್ದಾರೆ ಎಂಬುದು ಕಂಪ್ಯೂಟರಿನಲ್ಲಿ ಕಾಣುತ್ತದೆ.

ಹದಿನಾಲ್ಕು ದಾಟಿದರೆ ಈ ಕಾಳಜಿ ತೆಳುವಾಗುತ್ತದೆ. ಹದಿನೈದರ ಹುಡುಗ ಏಳು ದಿನ ಅಲ್ಲ, ಏಳು ತಿಂಗಳು ಕಾಣದಿದ್ದರೂ ಯಾರಿಗೂ ನೋಟಿಸ್ ಹೋಗುವುದಿಲ್ಲ. ಅಪಾಯದ ಕೆಲಸಕ್ಕೆ 18 ಆಗಬೇಕು. ಗೇರ್ ಇರುವ ಬೈಕಿನ ಲೈಸೆನ್ಸ್‌ಗೆ 18, ಸ್ವಉದ್ಯೋಗ ತರಬೇತಿ ಕೇಂದ್ರಗಳಿಗೂ 18. ಹದಿನೈದರಿಂದ ಹದಿನೆಂಟರ ನಡುವಿನ ಈ ಮೂರು ವರ್ಷದಲ್ಲಿ ಗುತ್ತಿಗೆದಾರ ಬಂದು ಕರೆಯುತ್ತಾನೆ, ಇಲ್ಲವೇ ಗಂಡಿನ ಕಡೆಯವರು ಬಂದು ನೋಡುತ್ತಾರೆ. ಸರ್ಕಾರದ ಕಡೆಯಿಂದ ಯಾರೂ ಬರುವುದಿಲ್ಲ.

ಎಷ್ಟು ಜನ ಈ ಜಾಗದಲ್ಲಿ ಬೀಳುತ್ತಾರೆ ಎಂಬುದಕ್ಕೆ ಎಸ್ಸೆಸ್ಸೆಲ್ಸಿ ಫಲಿತಾಂಶವೇ ಸಾಕ್ಷಿ. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ನಕಲು ಕಡಿಮೆಯಾಯಿತು, ಫಲಿತಾಂಶ ಕುಸಿಯಿತು. ಗ್ರೇಸ್ ಅಂಕವನ್ನು ಎರಡು ಪಟ್ಟು ಮಾಡಿದ ಮೇಲೂ ಪಾಸಾದವರು ಶೇ 73.40. ಪರೀಕ್ಷೆ ಬರೆದ ಸುಮಾರು 8.6 ಲಕ್ಷ ಮಕ್ಕಳಲ್ಲಿ 2.2 ಲಕ್ಷಕ್ಕೂ ಹೆಚ್ಚು ಮಂದಿ ಫೇಲ್. 2025ರಲ್ಲಿ ಆ ಹೆಚ್ಚುವರಿ ಗ್ರೇಸ್ ಇರಲಿಲ್ಲ. ಆ ವರ್ಷದ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಶೇ 91.12 ಮಂದಿ ಪಾಸಾದರೆ ಕಲಬುರಗಿಯಲ್ಲಿ ಶೇ 42.43. ಒಂದೇ ರಾಜ್ಯ, ಒಂದೇ ಪ್ರಶ್ನೆಪತ್ರಿಕೆ. ಕಲಬುರಗಿ ಜಿಲ್ಲೆಯಲ್ಲಿ ಆ ದಿನ ಫೇಲಾದವರೇ ಜಾಸ್ತಿ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದು ಪರೀಕ್ಷೆಯಲ್ಲಿ ಬಿದ್ದಾಗ ಅದನ್ನು ಮಕ್ಕಳ ಸೋಮಾರಿತನ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಸರ್ಕಾರ ಏನೂ ಮಾಡಿಲ್ಲ ಎಂದಲ್ಲ. 2024, 2025ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ನಡೆದವು. ಮಾರ್ಚ್‌ನಲ್ಲಿ ಬಿದ್ದವರು ಕೆಲವೇ ತಿಂಗಳಲ್ಲಿ ಮತ್ತೆರಡು ಸಲ ಬರೆಯಬಹುದಿತ್ತು, ವರ್ಷ ಹಾಳಾಗುತ್ತಿರಲಿಲ್ಲ. ಫೇಲಾದವರು ಮತ್ತೆ ಹತ್ತನೇ ಕ್ಲಾಸಿಗೆ ಸೇರಿಕೊಳ್ಳಲೂ ಅವಕಾಶ ಕೊಟ್ಟಿದ್ದಾರೆ. ಇಷ್ಟಾದರೂ ಎರಡನೇ, ಮೂರನೇ ಪರೀಕ್ಷೆಯಲ್ಲಿ ಪಾಸಾದವರ ಪ್ರಮಾಣ ಮೊದಲನೆಯದಕ್ಕಿಂತ ತೀರಾ ಕಡಿಮೆ. ಯಾಕೆ?

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಗ್ರಾಮೀಣ ಭಾಗದ 14ರಿಂದ 18 ವರ್ಷದವರ ಬಗ್ಗೆ 2023ರಲ್ಲಿ ನಡೆದ ಅಸರ್ ಸಮೀಕ್ಷೆ ದೇಶದ 28 ಜಿಲ್ಲೆಗಳನ್ನು ನೋಡಿತು. ಶೇ 86.8ರಷ್ಟು ಮಂದಿ ಯಾವುದೋ ಒಂದು ಶಾಲೆ ಕಾಲೇಜಿನಲ್ಲಿ ದಾಖಲಾಗಿದ್ದರು. ಆದರೆ ಸುಮಾರು ಕಾಲು ಭಾಗದಷ್ಟು ಮಂದಿಗೆ ತಮ್ಮದೇ ಭಾಷೆಯ ಎರಡನೇ ಕ್ಲಾಸಿನ ಪಾಠವನ್ನು ಸರಾಗವಾಗಿ ಓದಲು ಬರುತ್ತಿರಲಿಲ್ಲ. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಿಡಿಸಲು ಆಗಲಿಲ್ಲ. ಇಂಥ ಹುಡುಗನ ಕೈಗೆ ಮೇ ತಿಂಗಳಲ್ಲಿ ಪ್ರಶ್ನೆಪತ್ರಿಕೆ ಕೊಟ್ಟರೂ, ಜುಲೈ ತಿಂಗಳಲ್ಲಿ ಕೊಟ್ಟರೂ ಅವನ ಕಷ್ಟ ಒಂದೇ. ಮೂರು ಸಲ ಪರೀಕ್ಷೆ ಇಡುವುದು ಅವಕಾಶ ಕೊಡುವುದಾಯಿತು. ಆ ಮೂರರ ನಡುವಿನ ವಾರಗಳಲ್ಲಿ ಭಾಗಾಕಾರದಿಂದ ಶುರುಮಾಡಿ ಕಲಿಸುವವರು ಬೇಕಲ್ಲ? ಪಾಸಾಗಲು ಬೇಕಾದ ಅಂಕವನ್ನು 35ರಿಂದ 33ಕ್ಕೆ ಇಳಿಸುವ ತೀರ್ಮಾನವೂ ಬಂದಿದೆ. ಅದು ಅಂಚಿನಲ್ಲಿ ನಿಂತವರನ್ನು ದಡ ಸೇರಿಸುತ್ತದೆ, ನಿಜ. ಹತ್ತು ಹನ್ನೆರಡು ಅಂಕದಲ್ಲಿ ನಿಂತವರಿಗೆ ಅದರಿಂದ ಏನೂ ಆಗುವುದಿಲ್ಲ.

ಇನ್ನೊಂದು ಕಾರಣ ಅವಮಾನ. ಫಲಿತಾಂಶ ಬಂದ ದಿನ ಫೇಲಾದ ಮಗು ಶಾಲೆ ಕಡೆ ತಲೆ ಹಾಕುವುದಿಲ್ಲ. ಮೇಷ್ಟ್ರು ದಾರಿಯಲ್ಲಿ ಸಿಕ್ಕರೆ ಇನ್ನೊಂದು ಬೀದಿ ಹಿಡಿಯುತ್ತದೆ. ಮನೆಯಲ್ಲಿ ಅಪ್ಪ 'ಇನ್ನು ನಿನ್ನ ಕೈಲಿ ಆಗಲ್ಲ, ಗಾರೆ ಕೆಲಸಕ್ಕೆ ಬಾ' ಎನ್ನುತ್ತಾನೆ. ಕಲ್ಯಾಣ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಮನೆ ಮಂದಿಯೆಲ್ಲ ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋಗುವುದು ಮೊದಲಿನಿಂದಲೂ ಇದೆ. ಫೇಲಾದ ಹುಡುಗನೂ ಅವರ ಜೊತೆ ಹೊರಡುತ್ತಾನೆ. ಮೊದಲ ವಾರದ ಕೂಲಿ ಕೈಗೆ ಬಂತು ಎಂದರೆ ಮುಗಿಯಿತು, ಪುಸ್ತಕದ ಕಡೆ ತಿರುಗುವುದು ಬಹಳ ಕಷ್ಟ. ಫಲಿತಾಂಶದ ನಂತರದ ಆ ಕೆಲವೇ ವಾರಗಳು ಇಷ್ಟು ಮುಖ್ಯವಾಗುವುದು ಅದಕ್ಕೇ.

ವಾಪಸ್ ಬರುವ ದಾರಿಗಳು ಇಲ್ಲವೇ ಅಂದರೆ, ಇವೆ. ಎಂಟನೇ ಕ್ಲಾಸ್ ಪಾಸಾಗಿದ್ದರೆ ಸಾಕು, ಐಟಿಐನಲ್ಲಿ ವೆಲ್ಡರ್, ವೈರ್‌ಮನ್, ಪ್ಲಂಬರ್, ಕಾರ್ಪೆಂಟರ್ ಟ್ರೇಡ್‌ಗಳಿಗೆ ಸೇರಬಹುದು. ಇದು ಗೊತ್ತಿರುವ ತಂದೆ ತಾಯಿ ಎಷ್ಟು ಜನ? 'ಐಟಿಐಗೆ ಎಸ್ಸೆಸ್ಸೆಲ್ಸಿ ಆಗಿರಬೇಕು' ಎಂದೇ ಹೆಚ್ಚಿನವರು ನಂಬಿದ್ದಾರೆ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯ ಸರ್ಕಾರ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರೋಪಕರಣ ಹಾಕಿಸಿದೆ. ಕಟ್ಟಡ ಇದೆ, ಯಂತ್ರ ಇದೆ. ಅಲ್ಲಿಗೆ ಬರಬೇಕಾದ ಹುಡುಗನಿಗೆ ತಾನು ಅಲ್ಲಿಗೆ ಹೋಗಬಹುದು ಎಂಬುದೇ ಗೊತ್ತಿಲ್ಲ.

ರಾಷ್ಟ್ರೀಯ ಮುಕ್ತ ಶಾಲೆಯದ್ದು ಇನ್ನೊಂದು ದಾರಿ. 1989ರಲ್ಲಿ ಶುರುವಾದ ಈ ಸಂಸ್ಥೆಯಲ್ಲಿ ಒಮ್ಮೆ ಹೆಸರು ಬರೆಸಿದರೆ ಐದು ವರ್ಷದಲ್ಲಿ ಒಂಬತ್ತು ಸಲ ಪರೀಕ್ಷೆ ಬರೆಯಬಹುದು. ಐದು ವಿಷಯ ಪಾಸಾದರೆ ಸಾಕು, ಮ್ಯಾಥ್ಸ್ ಕಡ್ಡಾಯವಲ್ಲ. ಹತ್ತನೇ ಕ್ಲಾಸಿನಲ್ಲಿ ಮ್ಯಾಥ್ಸ್ ಒಂದರಿಂದಲೇ ನಿಂತುಹೋದವರಿಗೆ ಇದು ದೊಡ್ಡ ಬಿಡುಗಡೆ. ಆದರೆ ಇಲ್ಲೊಂದು ಎಚ್ಚರ ಬೇಕು. ಮುಂದೆ ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡುವ ಆಸೆ ಇದ್ದರೆ ಮ್ಯಾಥ್ಸ್, ಸೈನ್ಸ್ ಬಿಟ್ಟರೆ ಆಗುವುದಿಲ್ಲ. ಯಾರಿಗೆ ಯಾವ ದಾರಿ ಸರಿ ಎಂಬುದನ್ನು ಆ ಹುಡುಗನ ಎದುರು ಕೂತು, ಅವನ ಮಾರ್ಕ್ಸ್ ಕಾರ್ಡ್ ನೋಡಿ, ಅವನ ಆಸೆ ಕೇಳಿ ಹೇಳಬೇಕು. ಸೈಬರ್ ಸೆಂಟರಿನವರು ಅರ್ಜಿ ತುಂಬಿ ಕೊಡುತ್ತಾರೆ, ಅದು ಅವರ ವ್ಯಾಪಾರ. ಸಲಹೆ ಕೊಡುವ ಜವಾಬ್ದಾರಿ ಅವರ ಮೇಲೆ ಹಾಕುವುದು ನ್ಯಾಯವಲ್ಲ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ತಡೆಗಳು ಬೇರೆ. 2019ರಿಂದ 21ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಐವರಲ್ಲಿ ಒಬ್ಬಳು. ಫೇಲಾದ ಹುಡುಗನಿಗೆ ಮತ್ತೆ ಕಟ್ಟು ಎನ್ನುವ ಮನೆಯಲ್ಲೇ ಫೇಲಾದ ಹುಡುಗಿಗೆ ಜಾತಕ ತೆಗೆಸುತ್ತಾರೆ. ಕಾಲೇಜು ಪಕ್ಕದ ಊರಲ್ಲಿದ್ದರೆ 'ಅಷ್ಟು ದೂರ ಯಾಕೆ' ಎಂಬ ಮಾತು. ಮದುವೆಯಾಗಿ ಮಗು ಆದಮೇಲಂತೂ ಓದಿನ ವಿಷಯವೇ ಬರುವುದಿಲ್ಲ.

ಇಲ್ಲೂ ಬದಲಾವಣೆಗೆ ದಾರಿ ಇದೆ ಎಂದು ತೋರಿಸುವ ಸಂಗತಿಗಳು ನಮ್ಮ ಕಣ್ಣೆದುರೇ ಇವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. 'ಬಸ್ಸಿಗೆ ದುಡ್ಡೆಲ್ಲಿ' ಎಂಬ ಒಂದು ನೆಪ ಮನೆಯವರ ಕೈ ತಪ್ಪಿತು. ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳು ಬಂದಿವೆ. ಅವು ಮುಖ್ಯವಾಗಿ ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೆ. ಪರೀಕ್ಷೆಗೆ ಓದುವ, ಹೊಲಿಗೆ ಕಲಿಯಲು ಹೋಗುವ ಹತ್ತೊಂಬತ್ತರ ತಾಯಿಯ ಮಗುವಿಗೂ ಅಲ್ಲಿ ಜಾಗ ಕೊಟ್ಟರೆ ಎಷ್ಟೋ ಜನ ಹೊರಗೆ ಬರುತ್ತಾರೆ. ಕೋಲಾರದ ನರಸಾಪುರ, ದೇವನಹಳ್ಳಿ ಕಡೆಯ ಐಫೋನ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಯುವತಿಯರ ಸಂಖ್ಯೆ ದೊಡ್ಡದು. ಕಂಪನಿ ಬಸ್ಸು, ಹಾಸ್ಟೆಲ್ಲು ಇದ್ದರೆ ದೂರದ ಜಿಲ್ಲೆಯ ಅಪ್ಪ ಅಮ್ಮನೂ ಮಗಳನ್ನು ಕಳಿಸುತ್ತಾರೆ ಎಂಬುದು ಅಲ್ಲಿ ಕಾಣುತ್ತದೆ. ಕಳಿಸದೇ ಇದ್ದುದಕ್ಕೆ 'ನಮ್ಮ ಸಂಸ್ಕೃತಿ' ಎಂಬ ಕಾರಣ ಕೊಡುತ್ತಿದ್ದ ಎಷ್ಟೋ ಕಡೆ ನಿಜವಾದ ಕಾರಣ ಬಸ್ಸು ಮತ್ತು ಭದ್ರವಾದ ರೂಮು.

ಕೋರ್ಸಿಗಿಂತ ಮನುಷ್ಯ ಮುಖ್ಯ ಎಂದು ಮೊದಲೇ ಹೇಳಿದೆ. ಅದಕ್ಕೆ ಆಧಾರ ನಮ್ಮ ರಾಜ್ಯದಲ್ಲೇ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಸೇರಿ ರುಡ್‌ಸೆಟ್ ಕಟ್ಟಿದವು. ಹಳ್ಳಿಯ ನಿರುದ್ಯೋಗಿ ಯುವಕರಿಗೆ ಊಟ, ವಸತಿ ಸಮೇತ ಉಚಿತ ತರಬೇತಿ. ಮೋಟಾರ್ ರಿವೈಂಡಿಂಗ್, ಮೊಬೈಲ್ ರಿಪೇರಿ, ಹೈನುಗಾರಿಕೆ, ಹೊಲಿಗೆ ಇಂಥವು. ಕೆಲವೇ ವಾರಗಳ ತರಬೇತಿ, ಅದರಲ್ಲಿ ವಿಶೇಷವೇನೂ ಇಲ್ಲ ಅನ್ನಿಸಬಹುದು. ವಿಶೇಷ ಇರುವುದು ನಂತರದ ಭಾಗದಲ್ಲಿ. ತರಬೇತಿ ಮುಗಿದ ಮೇಲೂ ಎರಡು ವರ್ಷ ಸಂಸ್ಥೆಯವರು ಆ ಹುಡುಗನ ಸಂಪರ್ಕದಲ್ಲಿ ಇರುತ್ತಾರೆ. ಪತ್ರ ಬರೆಯುತ್ತಾರೆ, ಊರಿಗೆ ಹೋಗಿ ಅಂಗಡಿ ನೋಡುತ್ತಾರೆ, ಬ್ಯಾಂಕ್ ಸಾಲಕ್ಕೆ ಜೊತೆ ನಿಲ್ಲುತ್ತಾರೆ. ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿ ಇಟ್ಟುಕೊಂಡು ಜಿಲ್ಲೆಗೊಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ (ಆರ್‌ಸೆಟಿ) ಮಾಡಲು ಹೊರಟಿತು. ನಲವತ್ತು ವರ್ಷ ಹಿಂದೆಯೇ ಕರಾವಳಿಯ ಒಂದು ಸಣ್ಣ ಊರು ಕಂಡುಕೊಂಡ ಸಂಗತಿ ಇದು. ಆಮೇಲೆ ಬಂದ ಎಷ್ಟೋ ಕೌಶಲ ಯೋಜನೆಗಳು ಕೋರ್ಸನ್ನು ಇಟ್ಟುಕೊಂಡವು, ಎರಡು ವರ್ಷದ ಬೆಂಬಲವನ್ನು ಕೈಬಿಟ್ಟವು. ಎಷ್ಟು ಜನಕ್ಕೆ ಸರ್ಟಿಫಿಕೇಟ್ ಕೊಟ್ಟೆವು ಎಂಬ ಲೆಕ್ಕ ಸಿಗುತ್ತದೆ. ಒಂದು ವರ್ಷದ ಮೇಲೆ ಎಷ್ಟು ಜನ ಕೆಲಸದಲ್ಲಿದ್ದಾರೆ ಎಂಬ ಲೆಕ್ಕ ಹುಡುಕಬೇಕು.

ಯುರೋಪ್ ಒಕ್ಕೂಟದಲ್ಲಿ 2013ರಲ್ಲಿ ಯುವಜನರಿಗೆ ಒಂದು ಭರವಸೆ ಕೊಟ್ಟರು. ಓದು ಬಿಟ್ಟ ಅಥವಾ ಕೆಲಸ ಹೋದ ನಾಲ್ಕು ತಿಂಗಳ ಒಳಗೆ ಪ್ರತಿಯೊಬ್ಬರಿಗೂ ಒಳ್ಳೆಯ ಕೆಲಸ, ಮುಂದಿನ ಓದು, ಅಪ್ರೆಂಟಿಸ್‌ಶಿಪ್ ಅಥವಾ ತರಬೇತಿ, ಇವುಗಳಲ್ಲಿ ಒಂದು ಸಿಗಬೇಕು ಎಂದು. ನಮ್ಮ ಯುವನಿಧಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ನಾಲ್ಕು ತಿಂಗಳ ಒಳಗೆ ಏನಾದರೂ ಕೈಗೆ ಕೊಡಬೇಕು. ಇಲ್ಲಿ ಆರು ತಿಂಗಳು ಖಾಲಿ ಕೂತಿದ್ದೇನೆ ಎಂದಾದ ಮೇಲೆ ನೆರವು ಶುರು. ಅವರದ್ದು ಪೂರ್ತಿ ಗೆದ್ದಿತು ಎಂದೇನಲ್ಲ. ಯೋಜನೆ ಒಳ್ಳೆಯದಾದರೂ ಅತಿ ಹೆಚ್ಚು ಕಷ್ಟದಲ್ಲಿರುವ ಯುವಕರನ್ನು ತಲುಪುವಲ್ಲಿ ಹಿಂದೆ ಬಿದ್ದಿದೆ ಎಂದು ಅಲ್ಲಿಯ ಲೆಕ್ಕ ಪರಿಶೋಧಕರೇ 2017ರಲ್ಲಿ ಹೇಳಿದರು. ತಾನಾಗಿ ಬಂದು ಹೆಸರು ಬರೆಸುವವರಿಗೆ ಎಲ್ಲವೂ ಸಿಗುತ್ತದೆ, ಬಾರದೇ ಇರುವವರು ಹೊರಗೇ ಉಳಿಯುತ್ತಾರೆ. ನಾರ್ವೆಯಲ್ಲಿ ಇದಕ್ಕೆ ಬೇರೆ ಉಪಾಯ ಇದೆ. ಪ್ರೌಢಶಾಲೆಯ ಮುಂದಿನ ಹಂತಕ್ಕೆ ಸೇರದ, ಸೇರಿ ಬಿಟ್ಟುಹೋದ ಯುವಜನರನ್ನು ಅಲ್ಲಿಯ ಜಿಲ್ಲಾಡಳಿತವೇ ಸಂಪರ್ಕಿಸಬೇಕು. ಅದು ಕಾನೂನು ಹೇರಿದ ಕೆಲಸ.

ನಮ್ಮಲ್ಲಿ ಇದು ಆಗುವುದಿಲ್ಲ ಎನ್ನುವವರಿಗೆ ನನ್ನ ಉತ್ತರ, ಅರ್ಧ ಭಾಗ ಆಗಲೇ ಇದೆ. ಯಾರು ಫೇಲಾದರು ಎಂಬ ಪಟ್ಟಿ ಪರೀಕ್ಷಾ ಮಂಡಳಿಯ ಬಳಿ ಇದೆ. ಊರು, ಶಾಲೆ, ಫೋನ್ ನಂಬರ್ ಸಮೇತ ಮಾಹಿತಿ ಶಾಲೆಯಲ್ಲಿದೆ. ಸುಮಾರು 6,000 ಗ್ರಾಮ ಪಂಚಾಯಿತಿಗಳಿವೆ. ಅವುಗಳ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ' ಆಗಿವೆ, ಎಷ್ಟೋ ಕಡೆ ಕಂಪ್ಯೂಟರ್, ಇಂಟರ್ನೆಟ್ ಬಂದಿವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಅಲ್ಲಿ ಕೂತಿರುತ್ತಾರೆ. ಫೇಲಾದವನು ಹೆಡ್‌ಮಾಸ್ಟರ್ ರೂಮಿಗೆ ಹೋಗಲು ಹಿಂಜರಿದರೂ ಅಲ್ಲಿಗೆ ಬರಬಹುದು. ಸಂಜೆ ಹೊತ್ತು ಅಲ್ಲಿ ಮ್ಯಾಥ್ಸ್, ಇಂಗ್ಲಿಷ್ ಹೇಳಿಕೊಡುವಂತಾದರೆ ಹಗಲು ಕೂಲಿಗೆ ಹೋಗುವವನಿಗೂ ಅನುಕೂಲ.

ದುಡ್ಡಿನ ಪ್ರಶ್ನೆಯನ್ನೂ ನೇರವಾಗಿ ಎದುರಿಸಬೇಕು. ಮನೆಗೆ ಅವನ ಕೂಲಿ ಬೇಕು, ಅದಕ್ಕೇ ಓದು ಬಿಟ್ಟಿದ್ದಾನೆ. ಯುವನಿಧಿಯ ಡಿಪ್ಲೊಮಾ ಮೊತ್ತದಷ್ಟೇ, ತಿಂಗಳಿಗೆ 1,500 ರೂಪಾಯಿಯನ್ನು, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಮತ್ತೆ ಕಟ್ಟುವವರಿಗೆ, ಐಟಿಐ ಸೇರುವವರಿಗೆ ಕೊಡಬಹುದು ಎಂಬುದು ನನ್ನ ಅಭಿಪ್ರಾಯ. ಫೇಲಾದರೆ ಬಹುಮಾನವೇ ಎಂದು ಕೆಲವರು ಕೇಳುತ್ತಾರೆ. ಕೊಡುವುದು ಫೇಲಾಗಿದ್ದಕ್ಕಲ್ಲ, ಕ್ಲಾಸಿಗೆ ಬಂದಿದ್ದಕ್ಕೆ. ಹಾಜರಾತಿ ನೋಡಿ ಕೊಡಿ, ಬಾರದ ತಿಂಗಳು ನಿಲ್ಲಿಸಿ. ಡಿಗ್ರಿ ಮುಗಿಸಿದವನಿಗೆ ಖಾಲಿ ಕೂತಾಗ ಕೊಡಬಹುದಾದರೆ, ಓದಲು ಕೂತ ಹದಿನೇಳರ ಹುಡುಗಿಗೆ ಯಾಕೆ ಕೊಡಬಾರದು?

ಉಳಿದದ್ದು ಆ ಮನುಷ್ಯ ಯಾರು ಎಂಬುದು. ಕಾಯಂ ಶಿಕ್ಷಕರ ಮೇಲೆ ಸಮೀಕ್ಷೆ, ಚುನಾವಣೆ, ಗಣತಿ ಎಂದು ಆಗಲೇ ಸಾಕಷ್ಟು ಹೊರೆ ಇದೆ. ಆಶಾ, ಅಂಗನವಾಡಿ ಕಾರ್ಯಕರ್ತೆಯರ ಹೆಗಲಿಗೆ ಇನ್ನೊಂದನ್ನು ಏರಿಸುವುದು ಅನ್ಯಾಯ. ಆದರೆ ಸರ್ಕಾರಿ ಶಾಲೆಗಳಲ್ಲಿ ಹತ್ತಾರು ಸಾವಿರ ಅತಿಥಿ ಶಿಕ್ಷಕರಿದ್ದಾರೆ. ಅವರ ನೇಮಕ ಶೈಕ್ಷಣಿಕ ವರ್ಷಕ್ಕೆ ಮಾತ್ರ. ಬೇಸಿಗೆ ರಜೆಯಲ್ಲಿ ಅವರಿಗೆ ಗೌರವಧನ ಇಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವುದೂ, ಎರಡನೇ ಪರೀಕ್ಷೆ ನಡೆಯುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಪ್ರೌಢಶಾಲೆಯ ಅತಿಥಿ ಶಿಕ್ಷಕರಿಗೆ ಆ ಮಕ್ಕಳ ಹೆಸರು ಗೊತ್ತು, ಮನೆ ಗೊತ್ತು, ಯಾರಿಗೆ ಯಾವ ಪಾಠ ಹತ್ತಲಿಲ್ಲ ಎಂಬುದೂ ಗೊತ್ತು. ಆ ಎರಡು ತಿಂಗಳ ಗೌರವಧನ ಕೊಟ್ಟು, ತಲೆಗೆ ಇಪ್ಪತ್ತು ಇಪ್ಪತ್ತೈದು ಮಕ್ಕಳನ್ನು ಒಪ್ಪಿಸಿ, ಮನೆಗೆ ಹೋಗಿ ಕರೆತಂದು ಪಾಠ ಮಾಡಿ ಎಂದು ಹೇಳಬಹುದು. ಜುಲೈನಲ್ಲಿ ಪ್ರತಿ ಮಗು ಎಲ್ಲಿ ಸೇರಿತು ಎಂದು ಬರೆದುಕೊಳ್ಳಲಿ, ಮುಂದಿನ ಜುಲೈನಲ್ಲಿ ಅದೇ ಮಗು ಎಲ್ಲಿದೆ ಎಂದು ಮತ್ತೆ ಬರೆದುಕೊಳ್ಳಲಿ. ಇಡೀ ರಾಜ್ಯಕ್ಕೆ ಒಮ್ಮೆಲೇ ಬೇಡ. ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಬರುವ ಬೇಸಿಗೆಯಲ್ಲೇ ಶುರುಮಾಡಬಹುದು.